ಪಿಸ್ಟನ್ನಿನ ನಿದಾನ

ವೈದ್ಯನು ಬಂದು ನಾಡಿಯನ್ನು ಹಿಡಿಯುವದಕ್ಕೆ ಮೊದಲೇ ಮನೆಯವರು ರೋಗದ ಹೆಸರನ್ನು ಹೇಳಿಬಿಟ್ಟಿರುವದು ನಮ್ಮಲ್ಲಿ ಸರ್ವಸಾಧಾರಣವಾದ ಸಂಗತಿ. ಒಬ್ಬರು ದೃಷ್ಟಿ ತಗಲಿತೆನ್ನುವರು, ಇನ್ನೊಬ್ಬರು ಪಿತ್ತವೆನ್ನುವರು, ಮೂರನೆಯವರು ನಿನ್ನೆ ತಿಂದ ಬದನೆಕಾಯಿಯ ಮೇಲೆ ಹೊರಿಸುವರು. ಯಂತ್ರಗಳ ವಿಷಯದಲ್ಲಿಯೂ ಇದೇ ರೂಢಿಯಿರುವದು. ಭೇದವಿಷ್ಟೆ: ಮನುಷ್ಯನಿಗೆ ತಪ್ಪು ರೋಗವನ್ನು ಹೇಳಿದರೆ ಆ ರೋಗಿಗೇ ತೊಂದರೆ; ಯಂತ್ರಕ್ಕೆ ತಪ್ಪು ರೋಗವನ್ನು ಹೇಳಿದರೆ ಅನೇಕ ಸಲ ಅದು ಮತ್ತೊಬ್ಬ ನಿರಪರಾಧಿಯ ತಲೆಯ ಮೇಲೆ ಬಂದು ಬೀಳುವದು. 1997ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ನನ್ನಿಂದ ಇಂಥದೊಂದು ಪ್ರಮಾದವು ನಡೆಯಿತು. ಶಾಲೆಯ ಗಂಟೆಯಿಂದ ಬಿಡುಗಡೆ ಹೊಂದಿ ಅರುವತ್ತರ ಹೊಸ್ತಿಲಲ್ಲಿ ಕುಳಿತಿರುವ ನನಗೆ ಈಗ ಅದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ.

ಆಗ ನಾವು ವಿಜಯಪುರದ ಸಿದ್ಧೇಶ್ವರ ಗುಡಿಯ ಸಮೀಪದ ಒಂದು ಓಣಿಯಲ್ಲಿ ಬಾಡಿಗೆಯ ಮನೆಯಲ್ಲಿದ್ದೆವು. ಆ ಕಾಲದ ಕಾಗದಪತ್ರಗಳಲ್ಲಿ ಊರಿನ ಹೆಸರು ಬಿಜಾಪುರವೆಂದೇ ಇದ್ದಿತು. ಅದು ಬದಲಾದುದು 2014ರಲ್ಲಿ. ತಿಕೋಟಾದ ಕಡೆಯ ಒಂದು ಪ್ರೌಢಶಾಲೆಯಲ್ಲಿ ನಾನು ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸುತ್ತಿದ್ದೆನು. ಸುಮಾರು ಇಪ್ಪತ್ತು ಕಿಲೋಮೀಟರುಗಳ ಆ ದಾರಿಯನ್ನು ದಿನವೂ ಹೋಗಿಬರುವದಕ್ಕೆ ನನಗೊಂದು ಹಳೆಯ ಯೆಜ್ಡಿ ಮೋಟಾರುಸೈಕಲ್ಲು ಇದ್ದಿತು. ಇದು ನಮ್ಮ ನಾಡಿನದೇ ಗಾಡಿ. 1961ರಿಂದ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ಮೊದಲು ಜಾವಾ ಎಂಬ ಹೆಸರಿನಿಂದಲೂ ಮುಂದೆ ಯೆಜ್ಡಿ ಎಂಬ ಹೆಸರಿನಿಂದಲೂ ಈ ಗಾಡಿಗಳು ಹೊರಬಿದ್ದವು. ಸಂಸ್ಕೃತದಲ್ಲಿ ಜವವೆಂದರೆ ವೇಗವಷ್ಟೆ? ಆದುದರಿಂದ ಜಾವಾ ಎಂಬ ಹೆಸರು ಆ ಧಾತುವಿನಿಂದಲೇ ಬಂದುದೆಂದು ನಾನು ನಿಶ್ಚಯಿಸಿ, ತರಗತಿಯಲ್ಲಿ ಹುಡುಗರಿಗೂ ಹೇಳಿಬಿಟ್ಟಿದ್ದೆನು. ಬಹಳ ದಿನಗಳ ಮೇಲೆ ತಿಳಿಯಿತು: 1929ರಲ್ಲಿ ಚೆಕೊಸ್ಲೊವಾಕಿಯ ದೇಶದ ಯಾನೆಚೆಕ್ ಎಂಬ ಗೃಹಸ್ಥರು ಜರ್ಮನಿಯ ವಾಂಡರರ್ ಎಂಬ ಕಂಪನಿಯ ಮೋಟಾರುಸೈಕಲ್ ವಿಭಾಗವನ್ನು ಕೊಂಡು, ಎರಡೂ ಹೆಸರುಗಳ ಮೊದಲಿನ ಅಕ್ಷರಗಳನ್ನು ಜೋಡಿಸಿ ಆ ಹೆಸರನ್ನು ಮಾಡಿದರಂತೆ. ನನ್ನ ಅನುಮಾನಶಕ್ತಿಯ ಯೋಗ್ಯತೆಯು ವಾಚಕರಿಗೆ ಇಲ್ಲಿಯೇ ಗೊತ್ತಾಗಲಿ.

ಈ ಗಾಡಿಯ ಇಂಜಿನು ಟೂ-ಸ್ಟ್ರೋಕ್ ಜಾತಿಯದು. ಅದರ ಸ್ವಭಾವವನ್ನು ತುಸು ವಿವರಿಸದಿದ್ದರೆ ಮುಂದಿನ ಕಥೆಯು ತಿಳಿಯಲಾರದು. ಸಿಲಿಂಡರೆಂಬುದು ಬೀಡಿನ ಒಂದು ಕೊಳವೆ. ಪಿಸ್ಟನ್ನೆಂಬುದು ಅದರೊಳಗೆ ಮೇಲೆ ಕೆಳಗೆ ಆಡುವ, ಬೋರಲು ಹಾಕಿದ ಲೋಟದಂಥ ಅಲ್ಯುಮಿನಿಯಮ್ಮಿನ ವಸ್ತು. ಬೇರೆ ಇಂಜಿನುಗಳಲ್ಲಿ ಎಣ್ಣೆಯು ಕೆಳಗಿನ ಪಾತ್ರೆಯಲ್ಲಿ ನಿಂತಿದ್ದು ಒಳಗಿನ ಅವಯವಗಳಿಗೆ ಸುತ್ತಾಡಿ ಬರುವದು. ಇದರಲ್ಲಿ ಹಾಗಿಲ್ಲ. 1890ರ ಸುಮಾರಿಗೆ ಇಂಗ್ಲಂಡದ ಬಾಥ್ ಊರಿನ ಜೋಸೆಫ್ ಡೇ ಎಂಬವರು ತೋರಿಸಿಕೊಟ್ಟ ಕ್ರಮದಂತೆ, ಗಾಳಿಯೂ ಪೆಟ್ರೋಲೂ ಕೂಡಿದ ಮಂಜು ಮೊದಲು ಪಿಸ್ಟನ್ನಿನ ಕೆಳಗಿನ ಮುಚ್ಚಿದ ಪೆಟ್ಟಿಗೆಯೊಳಕ್ಕೆ ಬಂದು, ಪಿಸ್ಟನ್ನು ಇಳಿಯುವಾಗ ಒತ್ತಲ್ಪಟ್ಟು, ಪಕ್ಕದ ದಾರಿಯಿಂದ ಮೇಲಕ್ಕೇರಿ, ಅಲ್ಲಿ ಉರಿಯುವದು. ಆದುದರಿಂದ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರಸಬೇಕು. ಅದು ಹೋಗುಹೋಗುತ್ತ ಬೇರಿಂಗುಗಳಿಗೂ ಸಿಲಿಂಡರಿನ ಗೋಡೆಗೂ ಸವರಿ, ಕೊನೆಗೆ ಪೆಟ್ರೋಲಿನ ಕೂಡ ತಾನೂ ಉರಿದು ನೀಲಿ ಹೊಗೆಯಾಗುವದು. ನಮ್ಮ ಮಿಸ್ತ್ರಿಯು ಹಾಕಿಕೊಟ್ಟ ಲೆಕ್ಕವು ಲೀಟರಿಗೆ 40 ಮಿಲಿಲೀಟರು. ಅಂದರೆ ಇಪ್ಪತ್ತೈದಕ್ಕೆ ಒಂದು. ಪರ್ವತದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವದು ತರ್ಕಶಾಸ್ತ್ರದ ಬಾಲಪಾಠ. ಈ ಗಾಡಿಯಲ್ಲಿ ಹೊಗೆಯನ್ನು ಕಂಡು ಎಣ್ಣೆಯನ್ನು ಊಹಿಸಬೇಕು.

ಅದೇ ವರ್ಷ ನಮ್ಮ ಮನೆಯಲ್ಲಿ ಬಬಲೇಶ್ವರದ ಹತ್ತಿರದ ಒಂದು ಹಳ್ಳಿಯ ಹುಡುಗನೊಬ್ಬನು ಓದಿಗಾಗಿ ಇದ್ದನು. ಅವನ ತಂದೆ ಇನ್ನೊಬ್ಬರ ಹೊಲದಲ್ಲಿ ದುಡಿಯುವವನು. ಹುಡುಗನು ಹತ್ತನೆಯ ತರಗತಿ, ಮಿತಭಾಷಿ, ಬೆಳಗಿನ ಜಾವಕ್ಕೆ ಎದ್ದು ನಮ್ಮ ಪಡಸಾಲೆಯಲ್ಲಿ ಓದುತ್ತಿದ್ದನು. ಪರೀಕ್ಷೆಗೆ ಇನ್ನು ಮೂರು ವಾರಗಳು ಉಳಿದಿದ್ದವು.

ಒಂದು ರವಿವಾರ ನಾನು ಕಾರ್ಬುರೇಟರನ್ನು ಬಿಚ್ಚಿ ತೊಳೆದೆನು. ಮಿಸ್ತ್ರಿಗೆ ಕೊಡುವ ಇಪ್ಪತ್ತು ರೂಪಾಯಿಗಳನ್ನು ಉಳಿಸುವ ಹವ್ಯಾಸವಿದು. ಮಾಸ್ತರರಲ್ಲಿ ಬಹುಜನರಿಗೆ ಇರುವದು. ಕಾರ್ಬುರೇಟರು ಸಿಲಿಂಡರಿಗೆ ಕೂಡುವ ಸಂಧಿಯಲ್ಲಿ ಒಂದು ತೆಳುವಾದ ಗ್ಯಾಸ್ಕೆಟ್ ಇರುತ್ತದೆ. ಬಿಚ್ಚುವಾಗ ಅದು ಹರಿಯಿತು. ಮೈಸೂರಿನ ಕಾರ್ಖಾನೆಯು ಹಿಂದಿನ ವರ್ಷ, ಅಂದರೆ 1996ರಲ್ಲಿ, ಮುಚ್ಚಿದ್ದರಿಂದ ಬಿಡಿಭಾಗಗಳಿಗೆ ಹುಡುಕಾಡಬೇಕಾಗಿದ್ದಿತು. ನಾನು ಶಾಲೆಯ ಹಳೆಯ ಹಾಜರಿ ಪುಸ್ತಕದ ರಟ್ಟಿನ ಒಂದು ತುಂಡನ್ನು ಹರಿದ ಗ್ಯಾಸ್ಕೆಟ್ಟಿನ ಅಳತೆಗೆ ಕತ್ತರಿಸಿ, ತೂತುಗಳನ್ನು ಮಾಡಿ, ಕೂಡಿಸಿ, ಬೋಲ್ಟುಗಳನ್ನು ಬಿಗಿದೆನು. ಗಾಡಿಯು ಒಂದೇ ಒದೆತಕ್ಕೆ ಶುರುವಾಯಿತು. ಅಷ್ಟೇ ಅಲ್ಲ, ಸೋಮವಾರದಿಂದ ಅದರ ನಡೆಯೇ ಬೇರೆಯಾಯಿತು. ಏರು ದನಿಯಲ್ಲಿ ಹಗುರಾಗಿ ಓಡಹತ್ತಿತು. ಹೊಗೆಯು ಕಡಿಮೆಯಾಯಿತು. ನಿಲ್ಲಿಸಿ ಕೈಬಿಟ್ಟರೂ ಇಂಜಿನಿನ ವೇಗವು ಬೇಗನೆ ಇಳಿಯದೆ ಒಂದೆರಡು ಕ್ಷಣ ಹಾಗೆಯೇ ಗುಂಯ್‌ಗುಡುವದು. “ನೋಡು, ತೊಳೆದದ್ದರ ಗುಣ” ಎಂದು ಮನೆಯವಳ ಮುಂದೆ ಬೀಗಿದೆನು. ಆಯುರ್ವೇದದಲ್ಲಿ ರೋಗವು ಪ್ರಕಟವಾಗುವ ಮೊದಲು ಕಾಣುವ ಚಿಹ್ನೆಗಳಿಗೆ ಪೂರ್ವರೂಪವೆಂದು ಹೆಸರು. ಮಾಧವನಿದಾನವನ್ನು ವಿದ್ಯಾರ್ಥಿದೆಸೆಯಲ್ಲಿ ಓದಿದ ನಾನು ಪೂರ್ವರೂಪವನ್ನೇ ಆರೋಗ್ಯವೆಂದು ತಿಳಿದೆನು.

ಬುಧವಾರ ಸಂಜೆ ಹುಡುಗನಿಗೆ ರೊಕ್ಕವನ್ನೂ ಡಬ್ಬಿಯನ್ನೂ ಕೊಟ್ಟು, ಸೈಕಲ್ ಮೇಲೆ ಹೋಗಿ ಐದು ಲೀಟರು ಪೆಟ್ರೋಲನ್ನೂ ಅದಕ್ಕೆ ತಕ್ಕಷ್ಟು ಟೂ-ಟಿ ಎಣ್ಣೆಯನ್ನೂ ಹಾಕಿಸಿಕೊಂಡು ಬಾರೆಂದು ಕಳುಹಿಸಿದೆನು. ತಂದು ಟಾಕಿಗೆ ಸುರುವಿದವನೂ ಅವನೇ. ನಾನು ಆಗ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದೆನು.

ಗುರುವಾರ ಬೆಳಿಗ್ಗೆ ತಡವಾದದ್ದರಿಂದ ಗಾಡಿಯನ್ನು ಜೋರಾಗಿಯೇ ಬಿಟ್ಟೆನು. ತಿಕೋಟಾ ಇನ್ನೂ ನಾಲ್ಕೈದು ಕಿಲೋಮೀಟರು ಇರುವಾಗ ಇಂಜಿನಿನ ದನಿಯು ತಗ್ಗಿತು. ಯಾರೋ ಹಿಂದಿನಿಂದ ಹಿಡಿದೆಳೆದಂತೆ ಗಾಡಿಯು ಸೋಲಹತ್ತಿತು. ಒಳಗೆ ಗಾಜಿನ ಚೂರುಗಳನ್ನು ಅಲುಗಿಸಿದಂಥ ಸಪ್ಪಳ. ಏನೆಂದು ವಿಚಾರಿಸುವಷ್ಟರಲ್ಲಿ ಹಿಂದಿನ ಗಾಲಿಯು ಕಿರ್ರೆಂದು ಕಟ್ಟಿಹೋಯಿತು. ದೈವಯೋಗದಿಂದ ಎಡಗೈಯು ತಾನಾಗಿಯೇ ಕ್ಲಚ್ಚನ್ನು ಹಿಡಿಯಿತು. ಇಲ್ಲದಿದ್ದರೆ ಈ ಲೇಖನವನ್ನು ಬರೆಯಲು ನಾನು ಇರುತ್ತಿದ್ದಿಲ್ಲ. ಬೇವಿನ ಗಿಡದ ನೆರಳಿಗೆ ತಳ್ಳಿಕೊಂಡು ಹೋದೆನು. ಒದೆಯುವ ಕಡ್ಡಿಯು ಕಲ್ಲಾಗಿದ್ದಿತು. ಅರ್ಧ ಗಂಟೆಯ ಮೇಲೆ ತಣ್ಣಗಾಗಿ ತುಸು ಸಡಿಲಾಯಿತು. ನಾನು ಹಿಗ್ಗಿ ನಾಲ್ಕಾರು ಸಲ ಬಲವಾಗಿ ಒದ್ದೆನು. ಇಂಜಿನು ಹತ್ತಿತು, ಹತ್ತು ಮಾರು ಹೋಗುವಷ್ಟರಲ್ಲಿ ಕರಕರನೆ ಸದ್ದು ಮಾಡಿ ಶಾಶ್ವತವಾಗಿ ನಿಂತಿತು. ದ್ರಾಕ್ಷಿಯ ಪೆಟ್ಟಿಗೆಗಳನ್ನು ಹೇರಿಕೊಂಡು ಊರ ಕಡೆಗೆ ಹೊರಟ ಒಂದು ಟೆಂಪೋದವನು ದಯವಿಟ್ಟು ಗಾಡಿಯನ್ನೂ ನನ್ನನ್ನೂ ಹೇರಿಕೊಂಡು ಬಂದು ಮಿಸ್ತ್ರಿಯ ಬಾಗಿಲಲ್ಲಿ ಇಳಿಸಿದನು. ಮಿಸ್ತ್ರಿಯು ಮದುವೆಯೊಂದಕ್ಕೆ ಹೊರಟಿದ್ದನು. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಆ ತೂತಿನಿಂದ ಸ್ವಲ್ಪ ಎಣ್ಣೆಯನ್ನು ಸುರುವಿ, “ನೆನೀಲಿ, ನಾಳೆ ನೋಡೂಣ್ರಿ” ಎಂದು ಹೋದನು.

ನಾನು ಮಾತ್ರ ನಾಳೆಯವರೆಗೆ ಕಾಯಲಿಲ್ಲ. ದಾರಿಯಲ್ಲಿ ಬರುವಾಗಲೇ ನಿರ್ಣಯವು ಆಗಿಹೋಗಿದ್ದಿತು. ಎಣ್ಣೆಯಿಲ್ಲದಿದ್ದರೆ ಪಿಸ್ಟನ್ನು ಹಿಡಿದುಕೊಳ್ಳುವದು, ನನ್ನ ಪಿಸ್ಟನ್ನು ಹಿಡಿದುಕೊಂಡಿದೆ, ಆದುದರಿಂದ ಎಣ್ಣೆಯಿಲ್ಲ. ಎಣ್ಣೆಯನ್ನು ತರಲು ಹೋದವನು ಹುಡುಗ. ಬೆಳಿಗ್ಗೆ ಹೊಗೆಯೂ ಬಹಳ ಕಡಿಮೆಯಿದ್ದಿತಷ್ಟೆ? ಯಾವ ಕಡಿಮೆ ಹೊಗೆಯನ್ನು ಮೂರು ದಿನಗಳ ಹಿಂದೆ ನನ್ನ ಕೈಗುಣಕ್ಕೆ ಸಾಕ್ಷಿಯಾಗಿ ಹಿಡಿದಿದ್ದೆನೋ ಅದನ್ನೇ ಈಗ ಹುಡುಗನ ಕಳ್ಳತನಕ್ಕೆ ಸಾಕ್ಷಿಯಾಗಿ ನಿಲ್ಲಿಸಿದೆನು! “ಎಣ್ಣೀ ರೊಕ್ಕ ಏನ್ ಮಾಡಿದಿ?” ಎಂದು ಬಾಗಿಲಲ್ಲಿಯೇ ಕೇಳಿದೆನು. “ಹಾಕಿಸೀನ್ರಿ ಸರ್” ಎಂದನು. “ಸುಳ್ಳು ಹೇಳಬ್ಯಾಡ. ಹದಿನೈದು ರೂಪಾಯಿ ಆಸೇಕ್ಕ ನನ್ನ ಜೀವಾ ಹೋಗ್ತಿತ್ತು” ಎಂದೆನು, ಇನ್ನೂ ಏನೇನೋ ಅಂದೆನು, ಅವನ ತಂದೆಯ ಹೆಸರನ್ನೂ ಎತ್ತಿದೆನು. ಮನೆಯವಳು ಒಳಗಿನಿಂದ ಬಂದು, “ಮೊದಲ ಅಂವನ್ನ ಸಮಾಧಾನಲೆ ಕೇಳ್ರಿ” ಎಂದರೆ ಅವಳ ಮೇಲೂ ಹರಿಹಾಯ್ದೆನು. ಹುಡುಗನು ಎರಡನೆಯ ಸಲ ಉತ್ತರವನ್ನು ಕೊಡಲಿಲ್ಲ. ಅದನ್ನು ನಾನು ಅಪರಾಧದ ಒಪ್ಪಿಗೆಯೆಂದು ಬಗೆದೆನು. ಮರುದಿನ ನಸುಕಿನಲ್ಲಿ ಪಡಸಾಲೆಯು ಬರಿದಾಗಿದ್ದಿತು, ಹಾಸಿಗೆಯು ಸುತ್ತಿಟ್ಟಿದ್ದಿತು, ಪುಸ್ತಕಗಳ ಚೀಲವು ಇರಲಿಲ್ಲ. ಮೊದಲ ಬಸ್ಸಿಗೆ ಅವನು ಊರಿಗೆ ಹೋದನೆಂದು ಎದುರುಮನೆಯವರು ಹೇಳಿದರು.

ಶುಕ್ರವಾರ ಸಂಜೆ ಮಿಸ್ತ್ರಿಯ ಹತ್ತಿರ ಹೋದೆನು. ಅವನು ಅಕ್ಷರ ಕಲಿತವನಲ್ಲ. ಆದರೆ ನಿದಾನಪಂಚಕವನ್ನು ಅವನಷ್ಟು ಶುದ್ಧವಾಗಿ ಪ್ರಯೋಗಿಸಿದ ವೈದ್ಯನನ್ನು ನಾನು ಕಂಡಿಲ್ಲ. ನಿದಾನವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಮೂಲಕಾರಣವೆಂದು ಅರ್ಥ. ಒಂದು ಮಹಾಪ್ರಾಣವನ್ನು ಕೂಡಿಸಿದರೆ ಕನ್ನಡದಲ್ಲಿ ಸಾವಕಾಶವೆಂದಾಗುವದು. ಅವನಲ್ಲಿ ಎರಡೂ ಇದ್ದವು. ನಾನು “ಎಣ್ಣಿ ಇಲ್ಲದ ಓಡಿಸಿ ಜಾಮ್ ಆಗ್ಯದ” ಎಂದೊಡನೆ, “ಎಣ್ಣಿ ಇಲ್ಲಂತ ನಿಮಗ ಯಾರ್ ಹೇಳ್ಯಾರ್ರಿ ಮಾಸ್ತರ್ರ?” ಎಂದು ಕೇಳಿದನು.

“ಮತ್ತ ಜಾಮ್ ಆಗ್ಯದಲ್ಲ!”

“ಜಾಮ್ ಆಗಿದ್ದು ಖರೆ ಐತ್ರಿ. ಯಾಕ ಆತು ಅನ್ನೋದು ಅದಕ್ಕ ಕೇಳಬೇಕು. ನಾವs ಹೇಳಿದ್ರ ಹೆಂಗ?”

ಮೊದಲು ಅವನು ನೋಡಿದ್ದು, ಹಿಡಿದುಕೊಂಡದ್ದು ಪಿಸ್ಟನ್ನೇ ಹೌದೋ ಎಂಬುದನ್ನು. ಕ್ಲಚ್ಚನ್ನು ಹಿಡಿದು ತಳ್ಳಿದರೆ ಹಿಂದಿನ ಗಾಲಿಯು ಸರಾಗವಾಗಿ ತಿರುಗಿತು. ಆದುದರಿಂದ ಗೇರುಪೆಟ್ಟಿಗೆಯೂ ಸರಪಳಿಯೂ ನಿರ್ದೋಷಿ. ಇಂಜಿನಿನ ಪಕ್ಕದ ಮುಚ್ಚಳವನ್ನು ತೆಗೆದು ಒಳಗಿನ ದಂಡವನ್ನು ಪಾನೆಯಿಂದ ಹಿಂದೆ ಮುಂದೆ ಆಡಿಸಿದರೆ ಕೂದಲೆಳೆಯಷ್ಟು ಆಡಿ ನಿಲ್ಲುತ್ತಿದ್ದಿತು. ಬಲವನ್ನು ಹಾಕಲಿಲ್ಲ. ನಾನು ದಾರಿಯಲ್ಲಿ ಒದ್ದ ಸಂಗತಿಯನ್ನು ಕೇಳಿ ಮಾತ್ರ ಹಣೆಯನ್ನು ಚಚ್ಚಿಕೊಂಡನು. ಒಮ್ಮೆ ಹಿಡಿದು ಬಿಟ್ಟ ಪಿಸ್ಟನ್ನು ಗಾಯಗೊಂಡಂತೆ. ಅದನ್ನು ಪುನಃ ಓಡಿಸಿದರೆ ಗೀರಿದ ಅಲ್ಯುಮಿನಿಯಮ್ಮು ಸಿಲಿಂಡರಿನ ಗೋಡೆಗೆ ಕಲಾಯಿಯಂತೆ ಮೆತ್ತಿ, ಉಳಿದದ್ದನ್ನೂ ಕೆಡಿಸುವದು. ಆಮೇಲೆ ವಿಚಾರಣೆ: ಎಷ್ಟು ವೇಗ, ಎಷ್ಟು ದೂರ, ಮೊದಲು ಯಾವ ಸಪ್ಪಳ, ಹಿಂದಿನ ದಿನಗಳಲ್ಲಿ ಏನಾದರೂ ಹೊಸತನ? ಏರು ದನಿಯ ಸಂಗತಿಯನ್ನು ಹೇಳಿದೆನು. ಕಾರ್ಬುರೇಟರಿನ ಸಂಗತಿಯನ್ನು ಹೇಳಲಿಲ್ಲ. ಮುಚ್ಚಿಟ್ಟೆನೆಂದಲ್ಲ, ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು ತೋಚಲೇ ಇಲ್ಲ.

ಸ್ಪಾರ್ಕ್ ಪ್ಲಗ್ಗನ್ನು ಬೆಳಕಿಗೆ ಹಿಡಿದನು. ಅದು ವೈದ್ಯನಿಗೆ ನಾಲಗೆಯಿದ್ದಂತೆ. ಚಹದ ಬಣ್ಣವಿದ್ದರೆ ಸ್ವಸ್ಥ. ಕರಿದಾಗಿ ಜಿಡ್ಡುಗಟ್ಟಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಇಲ್ಲವೆ ಎಣ್ಣೆ ಅತಿಯಾಗಿದೆ. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲು ಸಾಲದೆ ಸುಟ್ಟಿದೆ. ನಮ್ಮದು ಬೆಳ್ಳಗಿದ್ದಿತು, ಮೇಲೆ ಸಣ್ಣ ಬೂದುಬಣ್ಣದ ಕಣಗಳು ಮಿನುಗುತ್ತಿದ್ದವು. ಅವು ಪಿಸ್ಟನ್ನಿನ ಚೂರುಗಳು.

ಬಳಿಕ ಅವನು ಮಾಡಿದ ಪರೀಕ್ಷೆಯನ್ನು ವಾಚಕರು ತಮ್ಮ ಮನೆಯಲ್ಲಿಯೂ ಮಾಡಬಹುದು, ಆದರೆ ಒಲೆಯಿಂದಲೂ ದೀಪದಿಂದಲೂ ದೂರದಲ್ಲಿ. ನನ್ನ ಕೈಚೀಲದೊಳಗಿನ ಒಂದು ಬಿಳಿಯ ಹಾಳೆಯನ್ನು ಕೇಳಿ ತೆಗೆದುಕೊಂಡು, ಟಾಕಿಯೊಳಗಿನ ಪೆಟ್ರೋಲಿನ ಒಂದು ಹನಿಯನ್ನು ಎಡಕ್ಕೆ ಬಿಟ್ಟನು. ಸಾಮಾನುಗಳನ್ನು ತೊಳೆಯಲು ಇಟ್ಟ ಬರಿಯ ಪೆಟ್ರೋಲಿನ ಒಂದು ಹನಿಯನ್ನು ಬಲಕ್ಕೆ ಬಿಟ್ಟನು. ಪೆಟ್ರೋಲು ಆರಿಹೋಗುವ ದ್ರವ್ಯ, ಎಣ್ಣೆ ಹಾಗಲ್ಲ. ಕೆಲವು ನಿಮಿಷಗಳಲ್ಲಿ ಬಲಗಡೆಯ ಹನಿಯು ಗುರುತೇ ಇಲ್ಲದಂತೆ ಮಾಯವಾಯಿತು. ಎಡಗಡೆಯಲ್ಲಿ ಎರಡಾಣೆಯ ಬಿಲ್ಲೆಯಷ್ಟು ಅಗಲವಾದ ಜಿಡ್ಡಿನ ಕಲೆಯು ಉಳಿಯಿತು. ತರ್ಕದಲ್ಲಿ ನಾವು ಅನ್ವಯ, ವ್ಯತಿರೇಕ ಎಂದು ಎರಡು ಪದಗಳನ್ನು ಹಲವು ವರ್ಷ ಉರುಹೊಡೆಯುವೆವು. ಎಣ್ಣೆಯಿದ್ದಲ್ಲಿ ಕಲೆ, ಎಣ್ಣೆಯಿಲ್ಲದಲ್ಲಿ ಕಲೆಯಿಲ್ಲ. ಹತ್ತು ಪೈಸೆ ಖರ್ಚಿಲ್ಲದೆ ಸಿದ್ಧಾಂತವಾಯಿತು. “ಎಣ್ಣಿ ಭರಪೂರ ಐತಲ್ರಿ!” ಎಂದು ಮಿಸ್ತ್ರಿ ಎಂದನು. ನಾನು ಆ ಹಾಳೆಯನ್ನು ನೋಡುತ್ತ ನಿಂತೆನು. ಪಡಸಾಲೆಯ ಸುತ್ತಿಟ್ಟ ಹಾಸಿಗೆಯು ಕಣ್ಣ ಮುಂದೆ ಬಂದಿತು.

ಇಷ್ಟಾದರೂ ನನ್ನ ಮನಸ್ಸು ಒಂದು ಸಂದಿಯನ್ನು ಹುಡುಕಿತೆಂಬುದನ್ನು ಒಪ್ಪಿಕೊಳ್ಳಬೇಕು. “ಹುಡುಗ ಸರಿಯಾಗಿ ಕೂಡಿಸಿರಲಿಕ್ಕಿಲ್ಲ, ಎಣ್ಣೆ ತಳಕ್ಕ ಕುಂತಿರಬೇಕು” ಎಂದೆನು. ಮಿಸ್ತ್ರಿಯು ಉತ್ತರ ಕೊಡದೆ ಸಿಲಿಂಡರಿನ ತಲೆಯನ್ನು ಬಿಚ್ಚಿದನು. ಕಟ್ಟಿಗೆಯ ತುಂಡನ್ನಿಟ್ಟು ಹಗುರಾಗಿ ಬಡಿಯುತ್ತ, ರಾತ್ರಿಯೆಲ್ಲ ನೆನೆದ ಪಿಸ್ಟನ್ನಿನ ಮೇಲಿಂದ ಸಿಲಿಂಡರನ್ನು ಎಬ್ಬಿಸಿದನು. ಹೀಗೆ ಪಿಸ್ಟನ್ನು ಬಯಲಿಗೆ ಬಂದಿತು.

ಪಿಸ್ಟನ್ನಿನ ಮೈಮೇಲಿನ ಗೀರುಗಳು ಒಂದು ಲಿಪಿ. ಅದನ್ನು ಅವನು ನನಗೆ ಓದಿ ತೋರಿಸಿದನು. ನಾಲ್ಕು ಮೂಲೆಗಳಲ್ಲಿಯೂ ಸಮನಾಗಿ ಗೀರಿದ್ದರೆ, ತಣ್ಣಗಿದ್ದ ಇಂಜಿನನ್ನು ಶುರುಮಾಡಿದೊಡನೆ ಜೋರಾಗಿ ಓಡಿಸಿದ ದೋಷ: ಪಿಸ್ಟನ್ನು ಬೇಗ ಕಾಯ್ದು ಹಿಗ್ಗುವದು, ಸಿಲಿಂಡರು ಇನ್ನೂ ತಣ್ಣಗೆ ಕುಗ್ಗಿಯೇ ಇರುವದು. ಕೆನಡಾದಂಥ ಹಿಮದ ದೇಶಗಳಲ್ಲಿ ಗಾಲಿಯಿಲ್ಲದೆ ಹಿಮದ ಮೇಲೆ ಜಾರುವ ಯಂತ್ರದ ಬಂಡಿಗಳಿರುವವು. ಅವುಗಳಲ್ಲಿಯೂ ಇದೇ ಜಾತಿಯ ಇಂಜಿನುಗಳು ಬಹಳ. ಅಲ್ಲಿಯ ಚಳಿಯಲ್ಲಿ ಅವಸರದವರ ಪಿಸ್ಟನ್ನುಗಳು ಹೀಗೆಯೇ ಸಾಯುವವೆಂದು ಮುಂದೆ ನಾನು ಓದಿದೆನು. ನಮ್ಮ ಬಿಸಿಲುನಾಡಿನಲ್ಲಿ ಆ ಕಾಟವು ಕಡಿಮೆ. ಇನ್ನು ಹಿಂದುಗಡೆಯೂ, ಅಂದರೆ ತಣ್ಣನೆಯ ಪೆಟ್ರೋಲು ಒಳಬರುವ ಕಡೆಯೂ ಗೀರಿ ಒಣಗಿದ್ದರೆ, ಎಣ್ಣೆಯಿಲ್ಲದ ದೋಷ. ಆಗ ಕೆಳಗಿನ ಬೇರಿಂಗುಗಳೂ ಒಣಗಿ ಬಣ್ಣಗೆಟ್ಟಿರುವ ಸಂಭವವುಂಟು. ಬರಿಯ ಮುಂದುಗಡೆ, ಸುಟ್ಟ ಹೊಗೆಯು ಹೊರಗೆ ಹೋಗುವ ಬಾಗಿಲುಗಳ ಎದುರಿಗೆ ಮಾತ್ರ ಗೀರಿದ್ದರೆ, ಅದು ಅತಿಯಾದ ಕಾವಿನ ದೋಷ. ಆ ಭಾಗವೇ ಎಲ್ಲಕ್ಕಿಂತ ಬಿಸಿಯಾಗಿರುವದು.

ಯೆಜ್ಡಿಗೆ ಎಡಬಲಕ್ಕೆ ಎರಡು ಹೊಗೆಕೊಳವೆಗಳು. ನಮ್ಮ ಪಿಸ್ಟನ್ನಿನ ಮುಂದುಗಡೆ ಅವುಗಳ ಎದುರಿಗೇ ಎರಡು ಅಗಲವಾದ ಗಾಯಗಳು, ನೇಗಿಲು ಹೊಡೆದಂತೆ. ಅಲ್ಲಿಯ ರಿಂಗುಗಳು ಮೆತ್ತಿದ ಲೋಹದಲ್ಲಿ ಹೂತುಹೋಗಿದ್ದವು. ಹಿಂದುಗಡೆಗೆ ತಿರುಗಿಸಿದರೆ, ಕಾರ್ಖಾನೆಯಲ್ಲಿ ಕಡೆದ ಸಣ್ಣ ಗೆರೆಗಳು ಸಹ ಅಳಿಯದೆ ಎಣ್ಣೆಯಿಂದ ಹೊಳೆಯುತ್ತಿದ್ದವು. ಪಿಸ್ಟನ್ನಿನ ಒಳಮೈ ಒದ್ದೆ. ಕೆಳಗಿನ ದೊಡ್ಡ ಬೇರಿಂಗು ಒದ್ದೆ. ಅವನು ಅಲ್ಲಿ ಬೆರಳನ್ನು ಅದ್ದಿ, ಆ ಜಿಡ್ಡನ್ನು ನನ್ನ ಅಂಗೈಗೆ ಸವರಿದನು. ಮೇಲಿನಿಂದ ಸುರುವಿದ ಎಣ್ಣೆಯಲ್ಲವಷ್ಟೆ ಎಂದು ಕೇಳುವ ಧೈರ್ಯವು ನನಗೆ ಉಳಿದಿರಲಿಲ್ಲ, ಅವನೇ ತಿಳಿದು, “ನಾ ಸುರುವಿದ್ದು ಮ್ಯಾಲೇ ನಿಂತೈತ್ರಿ, ಜಾಮ್ ಆದದ್ದು ಕೆಳಗ ಬಿಡೂದಿಲ್ಲ. ಇದು ಟೂ-ಟಿ, ಬಣ್ಣ ನೋಡ್ರಿ” ಎಂದನು.

ಕಾವಿನಿಂದ ಹೀಗಾಗುವದೇಕೆಂಬುದನ್ನು ಅಂಕಗಣಿತದಿಂದ ಹೇಳಬಹುದು. ಈ ಗಾಡಿಯ ಪಿಸ್ಟನ್ನಿನ ಅಗಲ 65 ಮಿಲಿಮೀಟರು. ನೂರು ಡಿಗ್ರಿ ಸೆಲ್ಸಿಯಸ್ ಕಾವೇರಿದರೆ ಅಲ್ಯುಮಿನಿಯಮ್ಮು ಆ ಅಗಲದಲ್ಲಿ ಸುಮಾರು 0.15 ಮಿಲಿಮೀಟರು ಹಿಗ್ಗುವದು. ಬೀಡು ಅದರ ಅರ್ಧಕ್ಕಿಂತ ಕಡಿಮೆ, 0.07ರಷ್ಟು. ಎರಡರ ನಡುವೆ ಬಿಟ್ಟಿರುವ ತೆರವಾದರೂ ತಲೆಗೂದಲಿನ ದಪ್ಪದಷ್ಟು ಮಾತ್ರ. ಅದಕ್ಕಾಗಿಯೇ ಪಿಸ್ಟನ್ನಿನ ತಲೆಯ ಭಾಗವನ್ನು ಬುಡಕ್ಕಿಂತ ತುಸು ಸಣ್ಣದಾಗಿ ಕಡೆದಿರುವರು. ಒಳಗಿನ ಜ್ವಾಲೆಯ ಕಾವು ಎರಡು ಸಾವಿರ ಡಿಗ್ರಿಯನ್ನು ಮೀರುವದು. ಅಲ್ಯುಮಿನಿಯಮ್ಮಾದರೋ 660 ಡಿಗ್ರಿಗೇ ಕರಗುವ ಲೋಹ. ಹಾಗಿದ್ದೂ ಅದು ಬದುಕಿರುವದು ಎರಡು ಉಪಕಾರಗಳಿಂದ: ಹೊರಗಿನ ರೆಕ್ಕೆಗಳಿಗೆ ಬಡಿಯುವ ಗಾಳಿ, ಒಳಗೆ ಬರುವ ತಣ್ಣನೆಯ ಪೆಟ್ರೋಲಿನ ಮಂಜು. ಮಿಸ್ತ್ರಿಯು ಸ್ಕ್ರೂಡ್ರೈವರಿನಿಂದ ಸಿಲಿಂಡರಿನ ರೆಕ್ಕೆಗಳ ನಡುವೆ ಚುಚ್ಚಿ, ಹಿಂದಿನ ಮಳೆಗಾಲದ ಎರೆಮಣ್ಣಿನ ಹೆಂಟೆಯೊಂದನ್ನು ಎಬ್ಬಿಸಿ ನನ್ನ ಕಾಲ ಬಳಿಯಲ್ಲಿ ಕೆಡಹಿದನು. ಮಾತಾಡಲಿಲ್ಲ. ಅದು ಸಹಕಾರಿ ಕಾರಣ. ಮುಖ್ಯ ಕಾರಣವು ಇನ್ನೂ ಉಳಿದಿದ್ದಿತು: ಪೆಟ್ರೋಲಿನ ಮಂಜು ಏಕೆ ತೆಳ್ಳಗಾಯಿತು?

“ಕಾರ್ಬುರೇಟರ್ ಯಾರರೆ ಬಿಚ್ಚಿದ್ರೇನ್ರಿ?” ಎಂದನು.

ಉತ್ತರವನ್ನು ನಾನು ಕೊಡುವಷ್ಟರಲ್ಲಿ ಅವನ ಕೈಯಲ್ಲಿ ಗ್ಯಾಸ್ಕೆಟ್ಟಿದ್ದಿತು. ಪೆಟ್ರೋಲಿನಲ್ಲಿ ನೆನೆದು ಮೆತ್ತಗಾಗಿ, ಕೆಳಗಿನ ಬೋಲ್ಟಿನ ಹತ್ತಿರ ಉಗುರಿನಷ್ಟು ಹರಿದು ಹೋಗಿದ್ದಿತು. ಆ ಸಂದಿಯ ಹೊರಗೆ ಸಿಲಿಂಡರಿನ ಮೇಲೆ ಜಿಡ್ಡು ಧೂಳಿನ ಒಂದು ಕರಿಯ ಗೆರೆ. ಅಲ್ಲಿಂದಲೇ ಇಂಜಿನು ನಾಲ್ಕು ದಿನ ಕಳ್ಳಗಾಳಿಯನ್ನು ಹೀರಿದ್ದಿತು. ಗಾಳಿ ಹೆಚ್ಚಾದಾಗ ಪೆಟ್ರೋಲಿನ ಪ್ರಮಾಣ ಇಳಿಯುವದು. ಇಳಿದೊಡನೆ ಇಂಜಿನು ಚುರುಕಾಗಿ ಏರು ದನಿಯಲ್ಲಿ ಓಡುವದು, ಹೊಗೆ ತಗ್ಗುವದು, ಕೈಬಿಟ್ಟರೂ ವೇಗ ಇಳಿಯಲೊಲ್ಲದು. ಒಳಗೆ ಕಾವು ಏರುತ್ತ ಹೋಗುವದು. ಇದಲ್ಲದೆ ಎಣ್ಣೆಯು ಪೆಟ್ರೋಲಿನ ಬೆನ್ನ ಮೇಲೆಯೇ ಬರತಕ್ಕದ್ದು. ಪೆಟ್ರೋಲು ಕಡಿಮೆ ಬಂದರೆ, ಟಾಕಿಯಲ್ಲಿ ಎಷ್ಟೇ ಎಣ್ಣೆಯಿದ್ದರೂ, ಬಿಸಿಯಾದ ಗೋಡೆಗೆ ಅದು ಮುಟ್ಟುವದು ಅಷ್ಟೇ ಕಡಿಮೆ. ಹೀಗೆ ಎಣ್ಣೆಯನ್ನು ಕದ್ದವನು ಒಬ್ಬನಿದ್ದದ್ದು ನಿಜವೇ. ಮಿಸ್ತ್ರಿಯು ಗ್ಯಾಸ್ಕೆಟ್ಟನ್ನು ಬೆಳಕಿಗೆ ಹಿಡಿದು, “ಇದು ಯಾವ ಸಾಲಿ ಕಾಗದ್ರಿ? ಏನೋ ಬರದೈತಿ, ಓದ್ರಿ” ಎಂದನು. ಅದರ ಮೇಲೆ ಹಾಜರಿ ಎಂಬ ಶಬ್ದದ ಮೊದಲ ಎರಡು ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಓದಿದೆನು.

ನೈಯಾಯಿಕರು ಕೆಟ್ಟ ಹೇತುವಿಗೆ ಹೇತ್ವಾಭಾಸವೆನ್ನುವರು. ಅದರಲ್ಲಿ ಮೊದಲನೆಯದು ಸವ್ಯಭಿಚಾರ, ಅಂದರೆ ಎರಡೂ ಕಡೆಗೆ ಸಲ್ಲುವ ಕಾರಣ. ಪಿಸ್ಟನ್ನು ಹಿಡಿದುಕೊಳ್ಳುವದು ಎಣ್ಣೆಯಿಲ್ಲದಾಗಲೂ ಉಂಟು, ಎಣ್ಣೆಯಿದ್ದಾಗಲೂ ಉಂಟು. ಇದನ್ನು ನಾನು ಹುಡುಗರಿಗೆ ಎಷ್ಟೋ ಉದಾಹರಣೆಗಳೊಡನೆ ಕಲಿಸಿದವನು.

ಗಾಡಿಯ ಮುಂದಿನ ಕಥೆಯನ್ನು ಬೇಗ ಮುಗಿಸುವೆನು. ಸಿಲಿಂಡರಿಗೆ ಮೆತ್ತಿದ ಅಲ್ಯುಮಿನಿಯಮ್ಮನ್ನು ಮಿಸ್ತ್ರಿಯು ಆಮ್ಲದಿಂದ ಎಚ್ಚರಿಕೆಯಾಗಿ ಕರಗಿಸಿ ತೆಗೆದನು. ಗೋಡೆಯಲ್ಲಿ ಉಳಿದ ಗೀರುಗಳಿಗಾಗಿ ಕಾಲು ಮಿಲಿಮೀಟರಿನಷ್ಟು ಹಿಗ್ಗಿಸಿ ಕೊರೆಯಿಸಿ, ಆ ಅಳತೆಯ ಹೊಸ ಪಿಸ್ಟನ್ನನ್ನು ಸೊಲ್ಲಾಪುರದಿಂದ ತರಿಸಿದನು. ಅದು ಇನ್ನೂ ಹತ್ತು ವರ್ಷ ಓಡಿತು. ಈಗ ಅಂಥ ಗಾಡಿಗಳು ಬೀದಿಯಲ್ಲಿ ಅಪರೂಪ. ಆದರೂ ತಿಕೋಟಾದ ಸುತ್ತಲಿನ ದ್ರಾಕ್ಷಿಯ ಪಡಗಳಲ್ಲಿ ಬೆನ್ನಿಗೆ ಹೊತ್ತುಕೊಂಡು ಔಷಧಿ ಹೊಡೆಯುವ ಯಂತ್ರಗಳಲ್ಲಿಯೂ, ಹುಲ್ಲು ಕೊಯ್ಯುವ ಯಂತ್ರಗಳಲ್ಲಿಯೂ ಇದೇ ಇಂಜಿನುಂಟು. ಅವು ಹಿಡಿದುಕೊಂಡಾಗ ಪೆಟ್ರೋಲನ್ನು ಸುರುವಿದ ಆಳಿನ ಕೂಲಿಯನ್ನು ಮುರಿಯುವವರೂ ಉಂಟು. ಅಂಥವರು ಹಗ್ಗವನ್ನು ಪುನಃ ಪುನಃ ಜಗ್ಗದೆ, ಮೊದಲು ಒಂದು ಹಾಳೆಯನ್ನು ತೆಗೆದುಕೊಂಡು ಎರಡು ಹನಿಗಳನ್ನು ಬಿಟ್ಟು ನೋಡಲಿ.

ಶನಿವಾರ ಶಾಲೆಯು ಅರ್ಧ ದಿನ. ಮಧ್ಯಾಹ್ನದ ಬಸ್ಸಿನಲ್ಲಿ ಬಬಲೇಶ್ವರಕ್ಕೆ ಹೋಗಿ, ಅಲ್ಲಿಂದ ಹಳ್ಳಿಗೆ ನಡೆದೆನು. ಹುಡುಗನ ತಾಯಿಯು ಅಂಗಳದಲ್ಲಿ ಜೋಳವನ್ನು ಹಸನು ಮಾಡುತ್ತಿದ್ದಳು. “ಬರ್ರಿ ಮಾಸ್ತರ್ರ, ಕುಂದರ್ರಿ” ಎಂದು ಕಂಬಳಿಯನ್ನು ಹಾಸಿ, ನೀರನ್ನೂ ಬೆಲ್ಲವನ್ನೂ ತಂದಿಟ್ಟಳು. ನಡೆದುದನ್ನು ಅವನು ತಾಯಿಗೆ ಹೇಳಿಯೇ ಇರಲಿಲ್ಲ. ಓದಲಿಕ್ಕೆ ಸೂಟಿ ಕೊಟ್ಟಿದ್ದಾರೆಂದು ಹೇಳಿದ್ದನು. ಆದುದರಿಂದ ಅವಳ ಮುಂದೆ ಏನು ಹೇಳಬೇಕು, ಏನು ಬಿಡಬೇಕು ಎಂಬುದು ಕಠಿಣವಾಯಿತು. ಕೊನೆಗೆ ಎಲ್ಲವನ್ನೂ ಹೇಳಿದೆನು. ಅವಳು ಮರವನ್ನು ಕೆಳಗಿಟ್ಟು ಕೇಳಿದಳು. ಹುಡುಗನು ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದನು. ನಾನು ಕಿಸೆಯಿಂದ ಆ ಹಾಳೆಯನ್ನು ತೆಗೆದು ಅವನ ಕೈಗೆ ಕೊಟ್ಟು, “ಇದು ನೀ ತಂದ ಎಣ್ಣಿ. ತಪ್ಪು ನಂದು” ಎಂದೆನು. ಅವನು ಅದನ್ನು ಬಿಸಿಲಿಗೆ ಹಿಡಿದು, ಕಲೆಯ ಮೂಲಕ ಬೆಳಕು ಬರುವದನ್ನು ಬಹಳ ಹೊತ್ತು ನೋಡಿದನು.

“ಮತ್ತ ಏನಾಗಿತ್ತ್ರಿ ಸರ್?” ಎಂದು ಕೇಳಿದನು.

ಗ್ಯಾಸ್ಕೆಟ್ಟಿನ ಸಂಗತಿಯನ್ನು ಹೇಳಿದೆನು. ತಾಯಿಯು ರೊಟ್ಟಿಯನ್ನೂ ಶೇಂಗಾಹಿಂಡಿಯನ್ನೂ ಬಡಿಸಿದಳು, ಉಂಡೆವು. “ಪರೀಕ್ಷೆ ಮುಗಿಯೂತನಾ ಅಲ್ಲೇ ಇರು ಹೋಗು” ಎಂದು ಅವಳೇ ಹೇಳಿದಳು. ಅವನು ಒಳಗೆ ಹೋಗಿ ಪುಸ್ತಕಗಳ ಚೀಲವನ್ನು ತಂದನು; ಅದನ್ನು ಬಿಚ್ಚಿರಲೇ ಇಲ್ಲವೆಂದು ತೋರಿತು. ಸಂಜೆಯ ಬಸ್ಸಿಗಾಗಿ ನಿಂತಿರುವಾಗ ಅಂಗಿಯ ಕಿಸೆಯಲ್ಲಿ ಕೈಯಿಟ್ಟು, ಮಡಿಸಿದ ಚೀಟಿಯೊಂದರಲ್ಲಿ ಕಟ್ಟಿದ್ದ ಎರಡು ರೂಪಾಯಿ ಎಂಟಾಣೆಗಳನ್ನು ನನ್ನ ಕೈಗೆ ಹಾಕಿದನು. ಚೀಟಿಯು ಪೆಟ್ರೋಲು ಬಂಕಿನದು.

“ಚಿಲ್ಲರ ಉಳಿದಿತ್ರಿ. ಅವತ್ತ ಕೊಡಾಕ ಆಗಲಿಲ್ಲ” ಎಂದನು.